ಬೂಟಿಗೆ ಕುಡಿಸಿದ ಝಮ್‌ಝಮ್

ಝಮ್‌ಝಮ್ ನೀರಿನಲ್ಲಿ ಫುಟ್‌ಬಾಲ್ ಬೂಟು ನೆನೆಹಾಕಿದವನು ಈ ಭೂಮಿಯ ಮೇಲೆ ನನ್ನನ್ನು ಬಿಟ್ಟು ಇನ್ನೊಬ್ಬನಿದ್ದರೆ ಅವನ ವಿಳಾಸ ನನಗೆ ಬೇಕು. ಇಬ್ಬರೂ ಸೇರಿ ಒಂದು ಸಂಘ ಕಟ್ಟಬಹುದು. ಅಧ್ಯಕ್ಷ ಸ್ಥಾನ ಮಾತ್ರ ನಾನು ಬಿಡುವುದಿಲ್ಲ. ಏಕೆಂದರೆ ನಾನು ನೆನೆಹಾಕಿದ್ದು ನನ್ನ ಬೂಟಲ್ಲ, ನನ್ನ ಮಾಮನದು. ಅದೂ ಯಾವುದೋ ಒಂದು ದಿನವಲ್ಲ, ಅವನು ಸೌದಿಯಲ್ಲಿ ಉಳಿಯಬೇಕೋ ಗಂಟುಮೂಟೆ ಕಟ್ಟಬೇಕೋ ಎಂದು ತೀರ್ಮಾನವಾಗಲಿದ್ದ ಫೈನಲ್ ಪಂದ್ಯದ ಹಿಂದಿನ ದಿನ. ಆಗ ನನಗೆ ಹತ್ತು ವರ್ಷ. ಬೇರೆ ಮನೆಗಳಲ್ಲಿ ಹತ್ತು ವರ್ಷದ ಮಕ್ಕಳು ಗಾಜಿನ ಲೋಟ ಒಡೆಯುತ್ತಾರೆ, ಹೆಚ್ಚೆಂದರೆ ಟೇಪ್ ರೆಕಾರ್ಡರಿನ ಗುಂಡಿ ಕೀಳುತ್ತಾರೆ. ನನ್ನ ಕೈಗೆ ಸಿಗುತ್ತಿದ್ದದ್ದು ದೊಡ್ಡ ಕೆಲಸಗಳೇ.

ನಾವಿದ್ದದ್ದು ಜಿದ್ದಾದ ಅಜೀಜಿಯಾದಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ. ಕೋಣೆಯ ಕಿಟಕಿಗೆ ಒಂದು ಎ.ಸಿ. ಕೂರಿಸಿದ್ದರು. ಅದು ಕೊಡುತ್ತಿದ್ದ ತಂಪಿಗಿಂತ ಮಾಡುತ್ತಿದ್ದ ಸದ್ದು ಹೆಚ್ಚು. ಹಾಗಾಗಿ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು, ನಾವು ಜಗಳವಾಡುತ್ತಿದ್ದೇವೋ ಸಕ್ಕರೆ ಕೇಳುತ್ತಿದ್ದೇವೋ ಎಂದು ಪಕ್ಕದ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಮನೆಯ ಮಾತು ಬ್ಯಾರಿ. ಬೈಯುವುದಕ್ಕೆ ಮಾತ್ರ ಬಾಪ ಕನ್ನಡಕ್ಕೆ ಬರುತ್ತಿದ್ದರು. ಅವರು ಪೆಟ್ಟು ತಿಂದು ಓದಿದ್ದು ಕನ್ನಡ ಶಾಲೆಯಲ್ಲಿ, ಬೈಗುಳಕ್ಕೆ ಆ ಭಾಷೆಯಲ್ಲಿ ಒಂದು ಮೇಷ್ಟ್ರ ಗತ್ತು ಬರುತ್ತದೆ ಎಂದು ಅವರ ನಂಬಿಕೆ. ಬಾಪನಿಗೆ ಕಾರಿನ ಸ್ಪೇರ್ ಪಾರ್ಟ್ಸ್ ಮಾರುವ ಅಂಗಡಿಯಲ್ಲಿ ಕೆಲಸ. ಎಲ್ಲ ವಸ್ತುವಿಗೂ ಒಂದು ನಂಬರಿರಬೇಕು, ಒಂದು ಗೂಡಿರಬೇಕು ಎನ್ನುವ ಮನುಷ್ಯ. ಅವರ ಲೆಕ್ಕದಲ್ಲಿ ಎರಡು ವಸ್ತುಗಳಿಗೆ ಗೂಡು ಸಿಕ್ಕಿರಲಿಲ್ಲ. ಒಂದು ನಾನು, ಇನ್ನೊಂದು ಹಾಲಿನಲ್ಲಿ ಸ್ಪಂಜಿನ ಹಾಸಿಗೆಯ ಮೇಲೆ ಮಲಗುತ್ತಿದ್ದ ಹಮೀದ್ ಮಾಮ.

ಕೋಣೆಯ ಮಂಚದ ಕೆಳಗೆ ಹತ್ತು ಲೀಟರಿನ ಒಂದು ಬಿಳಿ ಕ್ಯಾನ್ ಇರುತ್ತಿತ್ತು. ಮಕ್ಕಾ ನಮಗೆ ಒಂದು ಗಂಟೆಯ ದಾರಿ. ಉಮ್ರಾ ಯಾತ್ರೆಗೆ ಹೋದಾಗಲೆಲ್ಲ ಅದರಲ್ಲಿ ಅಲ್ಲಿನ ಪವಿತ್ರ ಬಾವಿಯ ಝಮ್‌ಝಮ್ ತುಂಬಿಸಿ ತರುತ್ತಿದ್ದೆವು. ಆದರೆ ಅದು ನಮ್ಮ ನೀರಲ್ಲ. ಊರಿಗೆ ಹೊರಟವರು ಯಾರಾದರೂ ಸಿಕ್ಕಿದರೆ ಅವರ ಕೈಕಾಲು ಹಿಡಿದು ಬೆಂಗ್ರೆಯ ಉಮ್ಮಮ್ಮನಿಗೆ, ಅಂದರೆ ಉಮ್ಮನ ತಾಯಿಗೆ, ಕಳಿಸುವ ನೀರು. ನಮಗೆ ಜ್ವರ ಬಂದರೆ ಮಾತ್ರ ಒಂದು ಪುಟ್ಟ ಗ್ಲಾಸು. ಕಿಬ್ಲಾದ ಕಡೆ, ಅಂದರೆ ಕಾಬಾದ ದಿಕ್ಕಿಗೆ, ಮುಖ ಮಾಡಿ, ಬಿಸ್ಮಿ ಹೇಳಿ, ಮೂರು ಗುಟುಕಿನಲ್ಲಿ ಕುಡಿಯಬೇಕು. ಒಂದು ಹನಿ ಗಲ್ಲದ ಮೇಲೆ ಇಳಿದರೂ ಉಮ್ಮ ಅದನ್ನು ಬೆರಳಲ್ಲಿ ಒರೆಸಿ ನನ್ನ ನೆತ್ತಿಗೆ ಸವರುತ್ತಿದ್ದಳು. ನೆತ್ತಿಯ ಮೇಲೆ ಅಷ್ಟು ಬಿದ್ದರೂ ಒಳಗೆ ಏನೂ ಇಳಿದಿರಲಿಲ್ಲ.

ಹಮೀದ್ ಮಾಮ ಉಮ್ಮನ ತಮ್ಮ. ಮಂಗಳೂರಿನ ಬಂದರಿನ ಆಚೆ, ನದಿಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಬೆಂಗ್ರೆಯಲ್ಲಿ ಹುಟ್ಟಿದವನು. ಅಲ್ಲಿ ಮರಳು ಬಿಟ್ಟರೆ ಬೇರೆ ನೆಲವಿಲ್ಲ, ಮಕ್ಕಳಿಗೆ ಚೆಂಡು ಬಿಟ್ಟರೆ ಬೇರೆ ದಾರಿಯಿಲ್ಲ. ದೋಣಿ ದಾಟಿ ಮಂಗಳೂರಿನ ಕಾಲೇಜು ಸೇರಿದ. ಆ ಕಾಲೇಜಿನಲ್ಲಿ ಬಿ.ಕಾಂ. ಎಂಬುದೂ ಒಂದು ಇದೆ ಎಂದು ಅವನಿಗೆ ಮೂರನೇ ವರ್ಷದಲ್ಲಿ ಯಾರೋ ತಿಳಿಸಿದರಂತೆ. ಇದು ಬಾಪನ ಹೇಳಿಕೆ. ಉಮ್ಮನ ಹೇಳಿಕೆ ಬೇರೆ. ಅವಳ ಹತ್ತಿರ ಒಂದು ಬಿಸ್ಕತ್ತಿನ ಡಬ್ಬ ಇತ್ತು, ಅದರ ತುಂಬ ಪತ್ರಿಕೆಯ ತುಂಡುಗಳು. ಅಂತರ ಕಾಲೇಜು ಪಂದ್ಯದಲ್ಲಿ ಮೂರು ಗೋಲು, ಯೂನಿವರ್ಸಿಟಿ ತಂಡಕ್ಕೆ ಆಯ್ಕೆ, ಎಡಗಾಲಿನ ಮಿಂಚು ಹಮೀದ್. ಒಂದು ಫೋಟೋದಲ್ಲಿ ಮಾಮ ನೆಲ ಬಿಟ್ಟು ಗಾಳಿಯಲ್ಲಿದ್ದಾನೆ, ಚೆಂಡು ಎಲ್ಲೂ ಕಾಣುವುದಿಲ್ಲ. ಚೆಂಡೆಲ್ಲಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅದು ಆಗಲೇ ಗೋಲಿನೊಳಗೆ ಹೋಗಿಯಾಗಿತ್ತು, ಫೋಟೋದವನ ಕೈ ನಿಧಾನ ಎಂದು ಉಮ್ಮ ವಿವರಿಸಿದ್ದಳು. ನಾನು ಬಹಳ ಕಾಲ ಅದನ್ನು ನಂಬಿದ್ದೆ. ನನ್ನ ಸ್ವಂತ ಆಟದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಇಂಡಿಯನ್ ಸ್ಕೂಲಿನಲ್ಲಿ ನಾನು ಒಟ್ಟು ಎರಡು ಗೋಲು ಹೊಡೆದಿದ್ದೇನೆ. ಎರಡೂ ನಮ್ಮದೇ ಕಡೆಗೆ. ಎರಡನೆಯದನ್ನು ಹೊಡೆದ ಮೇಲೆ ಮೈದಾನಕ್ಕೆ ಒಂದು ಸುತ್ತು ಓಡಿದ್ದೆ ಕೂಡ.

ಜಿದ್ದಾದಲ್ಲಿ ಒಂದು ಕೋಲ್ಡ್ ಸ್ಟೋರ್ ಕಂಪನಿಗೆ ಶುಕ್ರವಾರದ ಪಂದ್ಯಗಳಿಗೆ ಒಂದು ತಂಡ ಬೇಕಿತ್ತು. ಅಲ್ಲಿನ ಮುದೀರ್, ಅಂದರೆ ಮ್ಯಾನೇಜರ್, ಒಬ್ಬ ಸುಡಾನಿ. ಬೆಳಿಗ್ಗೆ ಕೋಳಿ ಮಾರುವುದು, ಸಂಜೆ ಫುಟ್‌ಬಾಲ್ ನೋಡುವುದು, ಎರಡರಲ್ಲಿ ಒಂದನ್ನು ಬಿಡಬೇಕೆಂದರೆ ಕೋಳಿಯನ್ನು ಬಿಡುವವನು. ಅವನು ನಾಲ್ಕು ಆಟಗಾರರನ್ನು ವೀಸಾ ಕೊಟ್ಟು ತರಿಸಿದ, ಅದರಲ್ಲಿ ಒಬ್ಬ ಹಮೀದ್ ಮಾಮ. ಇಕಾಮಾದಲ್ಲಿ, ಅಂದರೆ ಸೌದಿಯಲ್ಲಿ ಉಳಿಯುವ ಪರವಾನಗಿಯಲ್ಲಿ, ಕೆಲಸ ಲೋಡರ್ ಎಂದಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದಪ್ಪ ಜಾಕೆಟ್ ಹಾಕಿಕೊಂಡು ಹಿಮದ ಕೋಣೆಯಲ್ಲಿ ಕೋಳಿಯ ಪೆಟ್ಟಿಗೆ ಹೊರುವುದು, ಅಸರ್ ನಮಾಜಿನ ಮೇಲೆ ಚಡ್ಡಿ ಹಾಕಿ ಓಡುವುದು. ಮೂಲೆ ಒಡೆದ ಪೆಟ್ಟಿಗೆಗಳನ್ನು ಅಗ್ಗಕ್ಕೆ ಮನೆಗೆ ತರುತ್ತಿದ್ದ. ಹಾಗಾಗಿ ನಾವು ವಾರದಲ್ಲಿ ಆರು ದಿನ ಕೋಳಿ ತಿನ್ನುತ್ತಿದ್ದೆವು. ಉಮ್ಮ ಅದನ್ನು ಮೀನಿನ ಮಸಾಲೆಗೆ ಹಾಕಿ, ಕಣ್ಣು ಮುಚ್ಚಿ ತಿನ್ನಿ, ಬಂಗುಡೆಯ ಹಾಗೆಯೇ ಆಗುತ್ತದೆ ಎನ್ನುತ್ತಿದ್ದಳು. ಆಗುತ್ತಿರಲಿಲ್ಲ.

ಊಟದ ಸುಪ್ರ ಹಾಲಿನಲ್ಲಿ ಹಾಸುತ್ತಿದ್ದರು. ಮಾಮನಿಗೆ ಎರಡು ಮೊಟ್ಟೆ, ಒಂದು ದೊಡ್ಡ ಗ್ಲಾಸು ಹಾಲು, ಏಳು ಖರ್ಜೂರ. ಬಾಪನಿಗೆ ಒಂದು ಮೊಟ್ಟೆ. ನನಗೆ ಆ ಒಂದರ ಅರ್ಧ, ಬಾಪ ಮನಸ್ಸು ಮಾಡಿದರೆ. ಈ ಮೊಟ್ಟೆಯ ಮೇಲೆಯೇ ನಮ್ಮ ಮನೆಯ ಜಗಳಗಳೆಲ್ಲ ಕುಳಿತಿರುತ್ತಿದ್ದವು. ಓದಿದ ಹುಡುಗ, ಇಂಗ್ಲಿಷ್ ಗೊತ್ತುಂಟು, ಕಾಲು ಬಿಟ್ಟು ಕೈಯಲ್ಲಿ ಏನಾದರೂ ಕೆಲಸ ಕಲಿಯಬಾರದಾ ಎಂದು ಬಾಪ ಶುರು ಮಾಡುತ್ತಿದ್ದರು. ಆಡುವ ಕಾಲನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ ಎಂದು ಉಮ್ಮ. ದೇವರು ಕೈಯನ್ನೂ ಕೊಟ್ಟಿದ್ದಾನಲ್ಲ ಎಂದು ಬಾಪ. ಮಾಮ ನಡುವೆ ತಲೆ ತಗ್ಗಿಸಿ ಎರಡನೇ ಮೊಟ್ಟೆಯನ್ನು ನಿಧಾನ ತಿನ್ನುತ್ತಿದ್ದ. ಒಮ್ಮೆಯೂ ಅದನ್ನು ನನಗೆ ಕೊಡಲಿಲ್ಲ. ನನಗೂ ಅದರ ಬಗ್ಗೆ ದೂರಿರಲಿಲ್ಲ. ಅವನು ತಿಂದದ್ದು ನನ್ನ ಕಾಲಿಗೇ ಹೋಗುತ್ತದೆ ಎನ್ನುವಷ್ಟು ಅಭಿಮಾನ ನನ್ನದು. ಸಂಜೆ ಅವನು ಬಂದು ಬೋರಲು ಮಲಗಿದರೆ ಅವನ ಕಾಲಿನ ಮೀನಖಂಡಗಳ ಮೇಲೆ ನಿಂತು ತುಳಿಯುವುದು ನನ್ನ ಕೆಲಸ. ಆಟದ ಚೀಲ ಕಟ್ಟುವುದೂ ನನ್ನದೇ. ಈ ಎರಡು ಹುದ್ದೆಗಳಿಂದಾಗಿ ನಾನು ತಂಡದ ಸದಸ್ಯ ಎಂದು ಸ್ಕೂಲಿನಲ್ಲಿ ಹೇಳಿಕೊಂಡಿದ್ದೆ.

ಎರಡು ವರ್ಷ ತಂಡಕ್ಕೆ ಕಪ್ ಬರಲಿಲ್ಲ. ಮೂರನೇ ವರ್ಷ ಫೈನಲಿಗೆ ಬಂದ ವಾರ ಮಾಮ ಊಟದ ಹೊತ್ತಿಗೆ ಮೊಟ್ಟೆಯನ್ನು ಮುಟ್ಟದೆ ಕುಳಿತಿದ್ದ. ಬಾಪ ಕೇಳಿದರು.

"ಎಂತಾಯ್ತು?"

"ಕಂಪನಿಯ ಧಣಿ ಕಫೀಲ್ ಮುದೀರನ ಹತ್ರ ಕೇಳಿದ್ದಾನಂತೆ ಭಾವ, ಆಡುವವರನ್ನು ಎಂತಕ್ಕೆ ಸಾಕುವುದು ಅಂತ. ಈ ಸಲ ಕಪ್ ಬಂದ್ರೆ ನನ್ನನ್ನು ಆಫೀಸಿಗೆ ಹಾಕ್ತಾರೆ. ಇಲ್ಲದಿದ್ರೆ ಇಕಾಮಾ ರಿನ್ಯೂ ಮಾಡುವುದಿಲ್ಲ. ಎಕ್ಸಿಟ್."

"ಕಾಲಲ್ಲಿ ಬರೆದ ಇಕಾಮಾ ಎಷ್ಟು ದಿನ ನಿಲ್ತದೆ ಹಮೀದ್?"

ಬಾಪ ಇದನ್ನು ಗಟ್ಟಿಯಾಗಿ ಹೇಳಲಿಲ್ಲ, ಕನ್ನಡದಲ್ಲೂ ಹೇಳಲಿಲ್ಲ. ಅದರಿಂದಲೇ ವಿಷಯ ದೊಡ್ಡದು ಎಂದು ನನಗೆ ಅರ್ಥವಾಯಿತು. ಇಕಾಮಾ ಮುಗಿಯಲು ಉಳಿದಿದ್ದದ್ದು ಆರು ವಾರ. ಉಮ್ಮ ಎದ್ದು ಅಡುಗೆಮನೆಗೆ ಹೋಗಿ ಮತ್ತೊಂದು ಮೊಟ್ಟೆ ಬೇಯಿಸಲು ಇಟ್ಟಳು. ಆ ಮನೆಯಲ್ಲಿ ಸಂಕಟಕ್ಕೆ ಇದ್ದ ಪರಿಹಾರ ಅದೊಂದೇ.

ನನಗೆ ಬೇರೆ ಪರಿಹಾರ ಹೊಳೆಯಿತು. ಸಂಜೆ ನಮಗೆ ಓದಿಸುತ್ತಿದ್ದ ಉಸ್ತಾದರು ಅದೇ ವಾರ ಝಮ್‌ಝಮ್ ವಿಷಯ ಹೇಳಿದ್ದರು. ಯಾವ ನಿಯ್ಯತ್ತಿನಿಂದ, ಅಂದರೆ ಮನಸ್ಸಿನಲ್ಲಿ ಏನನ್ನು ಇಟ್ಟುಕೊಂಡು, ಕುಡಿಯುತ್ತೇವೋ ಅದು ನೆರವೇರುತ್ತದೆ. ಮಾಮನಿಗೆ ಒಂದು ಗ್ಲಾಸು ಕುಡಿಸಿದ್ದರೆ ಮುಗಿಯುತ್ತಿತ್ತು. ಮಾಮೂಲಿ ತಲೆಗೆ ಅಷ್ಟೇ ಹೊಳೆಯುತ್ತದೆ. ನನ್ನದು ಮುಂದಕ್ಕೆ ಹೋಯಿತು. ಗೋಲು ಹೊಡೆಯುವುದು ಬಾಯಿಯಲ್ಲ. ಮಾಮ ಕುಡಿದರೆ ಅದು ಹೊಟ್ಟೆಗೆ ಹೋಗಿ, ಅಲ್ಲಿಂದ ತೊಡೆಗೆ ಇಳಿದು, ಪಾದ ಮುಟ್ಟುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ನೇರವಾಗಿ ಬೂಟಿಗೇ ಕುಡಿಸಬೇಕು. ಬೂಟಿಗೆ ಬಾಯಿಲ್ಲ, ಆದ್ದರಿಂದ ನೆನೆಹಾಕಬೇಕು. ಆ ಬೂಟೇನು ಸಾಮಾನ್ಯದ್ದಲ್ಲ. ಯೂನಿವರ್ಸಿಟಿ ತಂಡಕ್ಕೆ ಆಡುವಾಗ ಕೊಟ್ಟ ಕಪ್ಪು ಚರ್ಮದ ಬೂಟು, ಮೂರು ಸಲ ಅಟ್ಟೆ ಬದಲಾಗಿತ್ತು. ಮುದೀರ್ ಕೊಡಿಸಿದ ಹೊಸ ಬೂಟನ್ನು ಮಾಮ ಯಾರಿಗೋ ಕೊಟ್ಟು ಇದನ್ನೇ ಹಾಕುತ್ತಿದ್ದ.

ಗುರುವಾರ ರಜೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಎ.ಸಿ. ಕೋಣೆಯಲ್ಲಿ ಮಲಗಿದ್ದಾಗ ಕ್ಯಾನನ್ನು ಎಳೆದು ತಂದೆ. ಝಮ್‌ಝಮನ್ನು ಬಚ್ಚಲಿಗೆ ಒಯ್ಯಬಾರದು ಎಂಬ ತಿಳುವಳಿಕೆ ನನಗಿತ್ತು, ಇದನ್ನು ಯಾರೂ ಮರೆಯಬಾರದು. ಹಾಗಾಗಿ ಅಡುಗೆಮನೆಯಲ್ಲಿ, ಉಮ್ಮ ಶುಕ್ರವಾರದ ತುಪ್ಪದನ್ನಕ್ಕೆ ಅಕ್ಕಿ ತೊಳೆಯುವ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಬೂಟುಗಳನ್ನು ಇಟ್ಟು, ಬಿಸ್ಮಿ ಹೇಳಿ, ಮೂರು ಸಲ ನಿಲ್ಲಿಸಿ ನಿಲ್ಲಿಸಿ ಸುರಿದೆ. ಅರ್ಧ ಕ್ಯಾನ್ ಖಾಲಿಯಾಯಿತು. ಖಾಲಿಯಾದಷ್ಟಕ್ಕೆ ನಳ್ಳಿ ನೀರು ತುಂಬಿಸಿ ಮಂಚದ ಕೆಳಗೆ ತಳ್ಳಿದೆ. ಬೂಟು ಚೆನ್ನಾಗಿ ಕುಡಿಯಲಿ ಎಂದು ಪಾತ್ರೆಗೆ ಮುಚ್ಚಳ ಹಾಕಿ ಅಕ್ಕಿ ಚೀಲದ ಹಿಂದೆ ಅಡಗಿಸಿ, ಮರುದಿನ ಬೆಳಿಗ್ಗೆಯವರೆಗೆ ಬಿಟ್ಟೆ. ಬೆಳಿಗ್ಗೆ ತೆಗೆದು ಟೆರೇಸಿನ ನೀರಿನ ಟಾಂಕಿಯ ತಗಡಿನ ಮೇಲೆ ಒಣಗಲು ಇಟ್ಟೆ. ಪಾತ್ರೆಯನ್ನು ತೊಳೆದು ಇದ್ದಲ್ಲೇ ಇಟ್ಟಿದ್ದೆ, ಅದರಲ್ಲೇ ಉಮ್ಮ ಅಕ್ಕಿ ತೊಳೆದಳು. ತುಪ್ಪದನ್ನ ಎಂದಿಗಿಂತ ಚೆನ್ನಾಗಿದೆ ಎಂದು ಬಾಪ ಎರಡು ಸಲ ಹಾಕಿಸಿಕೊಂಡರು.

ಜುಮಾ ನಮಾಜು ಮುಗಿಸಿ ಬಂದು ಟೆರೇಸ್ ಹತ್ತಿದರೆ ಬೂಟು ಇರಲಿಲ್ಲ. ಅದರ ಜಾಗದಲ್ಲಿ ಒಣ ತೊರಕೆ ಮೀನಿನ ಎರಡು ತುಂಡುಗಳಿದ್ದವು. ಜಿದ್ದಾದ ಬಿಸಿಲಿಗೆ ಚರ್ಮ ಸುರುಟಿ, ತುದಿ ಆಕಾಶ ನೋಡುತ್ತಿತ್ತು. ತೆಂಗಿನೆಣ್ಣೆ ಹಚ್ಚಿ, ಮೊಣಕಾಲಲ್ಲಿ ಒತ್ತಿ, ಒಂದು ಆಕಾರಕ್ಕೆ ತಂದೆ. ಒತ್ತುವಾಗ ಎಲ್ಲಿಂದಲೋ ಚಟ್ ಎಂದು ಕೇಳಿಸಿತು. ಬರ್ಕತ್ತು ಒಳಗೆ ಇಳಿಯುವ ಸದ್ದಿರಬೇಕು ಎಂದುಕೊಂಡು ಚೀಲಕ್ಕೆ ತುಂಬಿಸಿದೆ.

ಮೈದಾನ ಎಂದರೆ ಹುಲ್ಲು ನೆನೆಸಿಕೊಳ್ಳಬಾರದು. ಅಜೀಜಿಯಾದ ಅಂಚಿನಲ್ಲಿ ಕಟ್ಟಡ ಏಳಲು ಕಾದಿದ್ದ ಖಾಲಿ ಜಾಗ, ಗಟ್ಟಿ ಮಣ್ಣು, ಮೇಲೆ ಚೂಪು ಜಲ್ಲಿ. ಎದುರಾಳಿಗಳು ಮಲಪ್ಪುರದ ಹುಡುಗರ ತಂಡ, ಅಂಥವರು ನಿದ್ದೆಯಲ್ಲೂ ಪಾಸ್ ಕೊಡುತ್ತಾರೆ. ನಮ್ಮ ಕಡೆಯವರು ಪಿಕಪ್ ಗಾಡಿಗಳ ಮೇಲೆ ನಿಂತಿದ್ದರು. ಯಾವ ಪಂದ್ಯಕ್ಕೂ ಬಾರದ ಬಾಪ ಅವತ್ತು ಬಂದಿದ್ದರು, ಆದರೆ ದೂರದಲ್ಲಿ ರಸ್ತೆಯ ಕಡೆ ಮುಖ ಮಾಡಿ, ಯಾರಿಗೋ ಕಾಯುವವರ ಹಾಗೆ ನಿಂತಿದ್ದರು. ಮಾಮ ಚೀಲ ಬಿಚ್ಚಿ ಬೂಟನ್ನು ಕೈಯಲ್ಲಿ ತಿರುಗಿಸಿ ನೋಡಿದ. ಕೇಳುತ್ತಾನೆ ಎಂದು ನಾನು ಹೇಳಲು ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವನು ಕೇಳಲಿಲ್ಲ. ಹಾಕಿಕೊಂಡು ಹೋದ.

ಹತ್ತನೇ ನಿಮಿಷಕ್ಕೆ, ಬಾಯಿಲ್ಲದ ಬೂಟಿಗೆ ಬಾಯಿ ಬಂತು. ಎಡಗಾಲಿನ ಅಟ್ಟೆ ತುದಿಯಿಂದ ಬಿಟ್ಟುಕೊಂಡು, ಅವನು ಓಡಿದ ಹಾಗೆಲ್ಲ ಅದು ಬಾಯಿ ತೆರೆದು ಮುಚ್ಚುತ್ತಿತ್ತು, ಅಶ್ರು ಅಶ್ರು ಎಂದು ನನ್ನ ಹೆಸರನ್ನೇ ಹೇಳುತ್ತಿದೆ ಎಂದು ನನಗೆ ಅನಿಸಿತು. ಅರ್ಧ ಆಟಕ್ಕೆ ನಾವು ಒಂದು ಗೋಲಿನಿಂದ ಹಿಂದಿದ್ದೆವು. ಮಾಮ ಬೆಂಚಿನ ಹತ್ತಿರ ಹೋಗಿ ಕುಳಿತ, ಸುತ್ತ ಜನ ಸೇರಿದರು, ನಾನು ಪಿಕಪ್ಪಿನ ಹಿಂದೆ ಸೇರಿದೆ. ಮತ್ತೆ ಇಣುಕಿದಾಗ ಅವನು ಎರಡೂ ಬೂಟು ಬಿಚ್ಚಿ ಬದಿಗೆಸೆದು ಬರಿಗಾಲಲ್ಲಿ ಒಳಗೆ ನಡೆಯುತ್ತಿದ್ದ. ಊರಿನವರೆಲ್ಲ ಸೀಟಿ ಹೊಡೆದರು. ಬೆಂಗ್ರೆಯವನಿಗೆ ಬೂಟು ಯಾಕೆ ಎಂದು ಯಾರೋ ಕೂಗಿದರು. ಒಂದು ಹದಿನೈದು ನಿಮಿಷ ಅವನು ಆಡಿದ ಆಟ ಡಬ್ಬದೊಳಗಿನ ಫೋಟೋದ ಹಾಗೇ ಇತ್ತು. ಆಮೇಲೆ ಮಣ್ಣಿನ ಮೇಲೆ ಅವನು ಹೋದ ದಾರಿಯಲ್ಲಿ ಕೆಂಪು ಕಾಣಿಸತೊಡಗಿತು. ಕೊನೆಗೆ ಗೋಲಿಯ, ಅಂದರೆ ಗೋಲ್‌ಕೀಪರನ, ಎದುರು ಒಬ್ಬನೇ ಇದ್ದಾಗ ಚೆಂಡು ಸಿಕ್ಕಿತು. ಎಡಗಾಲು ಎತ್ತಿ ಒದ್ದ. ಚೆಂಡು ಕಂಬದ ಮೇಲಿಂದ ಹೋಗಿ ನಿಲ್ಲಿಸಿದ್ದ ಟ್ಯಾಕ್ಸಿಯೊಂದಕ್ಕೆ ಬಡಿಯಿತು. ಮಾಮ ಅಲ್ಲೇ ಕುಳಿತುಬಿಟ್ಟ. ರಸ್ತೆ ನೋಡುತ್ತಿದ್ದ ಬಾಪ ಮೈದಾನದೊಳಗೆ ನಡೆದು ಬಂದು ಅವನನ್ನು ಬೆನ್ನಿಗೆ ಹಾಕಿಕೊಂಡು ಗಾಡಿಯವರೆಗೆ ಹೊತ್ತರು. ಸ್ಪೇರ್ ಪಾರ್ಟ್ಸಿನ ಗೂಡಿನಲ್ಲಿ ಏಣಿ ಹತ್ತಿ ಇಳಿಯುವ ಅವರ ಬೆನ್ನಿಗೆ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಂಗಾಲಿಗೆ ಹನ್ನೊಂದು ಹೊಲಿಗೆ ಬಿತ್ತು, ತಂಡದ ಒಬ್ಬೊಬ್ಬನಿಗೆ ಒಂದರಂತೆ. ಮನೆಗೆ ಬಂದ ಮೇಲೆ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಧೈರ್ಯದಿಂದಲ್ಲ. ಬೂಟಿನಿಂದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು, ಬಾಪ ಅದನ್ನು ಮೂಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ಉಮ್ಮ ಗೋಡೆ ಹಿಡಿದು ನಿಂತಿದ್ದಳು. ತಮ್ಮನ ಕಾಲು, ಕಪ್, ಇಕಾಮಾ, ಯಾವುದನ್ನೂ ಅವಳು ಕೇಳಲಿಲ್ಲ.

"ಈಗ ಕ್ಯಾನಿನಲ್ಲಿ ಇರುವುದು ಯಾವ ನೀರು?"

"ಅರ್ಧ ಅದು, ಅರ್ಧ ನಳ್ಳಿಯದ್ದು."

ಅವಳು ಹೊಡೆಯಲಿಲ್ಲ. ಕಾಲಿಗೆ ಹಾಕುವುದನ್ನು ಆ ನೀರಿನಲ್ಲಿ ಅದ್ದಿದ ಕೈಯನ್ನು ಮುಟ್ಟಲೇ ಅವಳಿಗೆ ಮನಸ್ಸಾಗಲಿಲ್ಲ ಎಂದು ಕಾಣುತ್ತದೆ. ಬೆರೆತ ನೀರನ್ನು ಊರಿಗೆ ಕಳಿಸುವಂತಿಲ್ಲ, ಅರ್ಧ ಝಮ್‌ಝಮ್ ಇರುವುದನ್ನು ಚೆಲ್ಲುವಂತೆಯೂ ಇಲ್ಲ. ಹಾಗಾಗಿ ನಾವು ನಾಲ್ವರೂ ಆರೋಗ್ಯವಾಗಿದ್ದುಕೊಂಡು, ಕಿಬ್ಲಾದ ಕಡೆ ತಿರುಗಿ, ಇಡೀ ತಿಂಗಳು ಅದನ್ನು ಕುಡಿದೆವು. ಮುಂದಿನ ಉಮ್ರಾದಲ್ಲಿ ಕ್ಯಾನ್ ತುಂಬಿಸಿ ಟ್ಯಾಕ್ಸಿಯವರೆಗೆ ಒಬ್ಬನೇ ಹೊರುವ ಶಿಕ್ಷೆ ನನಗಾಯಿತು. ಹತ್ತು ಹೆಜ್ಜೆಗೊಮ್ಮೆ ಇಳಿಸುತ್ತಿದ್ದೆ. ಉಮ್ಮ ಹತ್ತು ಹೆಜ್ಜೆ ಮುಂದೆ ನಿಂತು ಕಾಯುತ್ತಿದ್ದಳು, ಕೈ ಮಾತ್ರ ಕೊಡಲಿಲ್ಲ. ಮಾಮ ನನಗೆ ಬೈಯಲೇ ಇಲ್ಲ. ನೋಡಲು ಬಂದವರಿಗೆಲ್ಲ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ನಮ್ಮ ಅಶ್ರು ಬೂಟಿಗೆ ಝಮ್‌ಝಮ್ ಕುಡಿಸಿದ ಕಥೆ ಎಂದು ಶುರು ಮಾಡುತ್ತಿದ್ದ. ಬಂದವರು ನಗುತ್ತಿದ್ದರು, ನನ್ನ ಕಿವಿ ಹಿಂಡುತ್ತಿದ್ದರು. ಒಂದು ವಾರದಲ್ಲಿ ಜಿದ್ದಾದ ಬ್ಯಾರಿಗಳಿಗೆಲ್ಲ ನನ್ನ ಹೆಸರು ಗೊತ್ತಾಯಿತು. ಹತ್ತನೇ ವಯಸ್ಸಿಗೆ ಅಷ್ಟು ಪ್ರಸಿದ್ಧಿ ಒಳ್ಳೆಯದಲ್ಲ. ನಾನು ಮಾತು ಮಾತಿಗೆ ಜೋಕು ಹೇಳುವವನಾದದ್ದು ಆಗಿನಿಂದಲೇ. ಬೇರೆಯವರು ನಗುವ ಮೊದಲು ನಾನೇ ನಗಿಸಿಬಿಟ್ಟರೆ ಕಿವಿ ಉಳಿಯುತ್ತದೆ.

ಕಪ್ ಬಾರದ್ದಕ್ಕೆ ಕಂಪನಿ ತಂಡವನ್ನು ಮುಚ್ಚಿತು. ಉಳಿದ ಮೂವರು ಆಟಗಾರರು ಊರಿಗೆ ಹೋದರು. ಮಾಮನ ಎಕ್ಸಿಟ್ ಕಾಗದವೂ ಟೈಪಾಗಿತ್ತು, ಹೊಲಿಗೆ ಬಿಚ್ಚುವವರೆಗೆ ಕಾಯೋಣ ಎಂದು ಮುದೀರ್ ಅದನ್ನು ಮೇಜಿನ ಮೇಲೆ ಇಟ್ಟಿದ್ದ. ಪೆಟ್ಟಿಗೆ ಹೊರಲು ಆಗದವನಿಗೆ ಕೂತು ಮಾಡುವ ಕೆಲಸ ಕೊಟ್ಟರು, ಕಂಪ್ರೆಸರ್ ಕೋಣೆಯಲ್ಲಿ ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು. ಆ ಕೋಣೆಯ ಒಡೆಯ ಬಶೀರ್ ಖಾನ್ ಎಂಬ ಮುದುಕ ಪಾಕಿಸ್ತಾನಿ ಮೆಕ್ಯಾನಿಕ್. ಯಂತ್ರದ ಹೊಟ್ಟೆಯ ಮೇಲೆ ಕೈ ಇಟ್ಟು ರೋಗ ಹೇಳುವವನು, ಆದರೆ ಅಕ್ಷರ ಗೊತ್ತಿಲ್ಲ. ಹೊಸ ಯಂತ್ರಗಳ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕಗಳು ಪ್ಲಾಸ್ಟಿಕ್ಕು ಸಹ ಬಿಚ್ಚದೆ ಕಪಾಟಿನಲ್ಲಿದ್ದವು. ಬೇಸರಕ್ಕೆ ಮಾಮ ಒಂದ‌ನ್ನು ಬಿಚ್ಚಿ ಓದತೊಡಗಿದ. ಬಿ.ಕಾಂ.ನಲ್ಲಿ ಮಾಡದ ಕೆಲಸ. ಬಶೀರ್ ಖಾನ್ ಪಕ್ಕಕ್ಕೆ ಬಂದು ಕುಳಿತ. ಇವನು ಒಂದು ಪುಟ ಓದಿ ತನ್ನ ಮುರುಕು ಹಿಂದಿಯಲ್ಲಿ ಹೇಳುವುದು, ಅವನು ಎದ್ದು ಹೋಗಿ ಆ ಭಾಗವನ್ನು ಬಿಚ್ಚಿ ತಂದು ಇವನ ಮಡಿಲಲ್ಲಿ ಇಡುವುದು. ಕೆಲವು ಸಲ ಪುಸ್ತಕ ಸುಳ್ಳು ಹೇಳುತ್ತದೆ ಎಂದು ಜಗಳವಾಗುತ್ತಿತ್ತಂತೆ. ಐದನೇ ವಾರ ಮುದುಕ ಮುದೀರನ ಮೇಜಿಗೆ ಹೋಗಿ, ಓದುವವನು ಅವನು, ಬಿಚ್ಚುವವನು ನಾನು, ಒಬ್ಬನನ್ನು ಕಳಿಸಿದರೆ ಇಬ್ಬರನ್ನೂ ಕಳಿಸಿದ ಹಾಗೆ ಎಂದು ಹೇಳಿ, ಅಲ್ಲೇ ಕುರ್ಚಿ ಎಳೆದು ಕುಳಿತನಂತೆ. ಬೇಸಿಗೆ ಹತ್ತಿರವಿತ್ತು, ಒಳಗೆ ಗುಡ್ಡದಷ್ಟು ಕೋಳಿಯಿತ್ತು. ಆ ವಾರ ಇಕಾಮಾ ರಿನ್ಯೂ ಆಯಿತು. ಹೊಸ ಹುದ್ದೆ ಬರೆದಿದ್ದ ಸಾಲನ್ನು ಬಾಪ ಮೂರು ಸಲ ಓದಿಸಿ ಕೇಳಿದರು. ಆಮೇಲೆ ಹೊರಗೆ ಹೋಗಿ, ಕೋಳಿ ಬಿಟ್ಟು ಬೇರೇನೂ ನೋಡದ ಆ ಮನೆಗೆ ಒಂದು ದೊಡ್ಡ ಮೀನು ತಂದರು.

ಮುಂದಿನದು ಊರಿಗೆಲ್ಲ ಗೊತ್ತು. ಮೆಕ್ಯಾನಿಕ್ ಆದ, ಸೂಪರ್‌ವೈಸರ್ ಆದ, ಅಲ್ ಖರ್ಜಿನ ಒಂದು ಡೈರಿಯಲ್ಲಿ ಶೀತಲ ವಿಭಾಗಕ್ಕೆಲ್ಲ ಮುಖ್ಯಸ್ಥನಾದ. ಆಮೇಲೆ ಒಬ್ಬ ಸೌದಿಯ ಪಾಲುದಾರಿಕೆಯಲ್ಲಿ ಸ್ವಂತ ಕಂಪನಿ ಮಾಡಿದ. ಅವನ ಕೈ ಕೆಳಗೆ ದುಡಿಯುವ ಬೆಂಗ್ರೆಯ ಹುಡುಗರೇ ಎರಡು ಫುಟ್‌ಬಾಲ್ ತಂಡಕ್ಕೆ ಸಾಕು. ರಜೆಯಲ್ಲಿ ಊರಿಗೆ ಹೋದರೆ ಟೂರ್ನಮೆಂಟುಗಳಿಗೆ ಅವನೇ ಮುಖ್ಯ ಅತಿಥಿ, ಆ ಒಂದು ದಿನ ಕಾಲು ಕೈಕೊಡದಿದ್ದರೆ ದೇಶಕ್ಕೆ ಆಡುತ್ತಿದ್ದ ಎಂದು ಯಾರಾದರೂ ಮೈಕಿನಲ್ಲಿ ಹೇಳದೆ ಸಭೆ ಮುಗಿಯುವುದಿಲ್ಲ. ಮದುವೆ ಮನೆಗಳಲ್ಲಿ ಬೂಟಿನ ಕಥೆ ಹೇಳುವ ಗುತ್ತಿಗೆ ನನ್ನದು. ಪ್ರತಿ ಸಲ ಹೊಲಿಗೆಗಳು ಹೆಚ್ಚಾಗಿ, ಈಗ ಇಪ್ಪತ್ತರ ಹತ್ತಿರ ಬಂದಿವೆ. ಕೊನೆಯಲ್ಲಿ ಇಂಡಿಯಾ ತಂಡಕ್ಕೆ ನಷ್ಟ, ಕೋಳಿಗಳಿಗೆ ಲಾಭ, ಎರಡಕ್ಕೂ ಕಾರಣ ಈ ಬಡವ ಎಂದು ನಾನು ಎದ್ದು ಬಾಗುತ್ತೇನೆ. ಎಲ್ಲರೂ ನಗುತ್ತಾರೆ. ಮನೆಗೆ ಬಂದ ಮೇಲೆ, ಒಬ್ಬ ಮನುಷ್ಯನ ಆಟವನ್ನು ನಾನು ಮುಗಿಸಿದೆ ಎನ್ನುವುದು ಕುಟುಕುತ್ತಿರುತ್ತದೆ. ಅದನ್ನು ಹೇಳಿದರೆ ಯಾರೂ ನಗುವುದಿಲ್ಲ, ಆದ್ದರಿಂದ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ರಿಯಾದಿಗೆ ಹೋದವನು ಶುಕ್ರವಾರ ಅಲ್ ಖರ್ಜಿನ ಅವನ ಮನೆಗೆ ಹೋಗಿದ್ದೆ. ಊಟಕ್ಕೆ ಕುಳಿತಿದ್ದಾಗ ಅವನ ಹನ್ನೆರಡು ವರ್ಷದ ಮಗ ಮುಖ ಊದಿಸಿಕೊಂಡು ಬಂದ. ಸ್ಕೂಲಿನ ಪಂದ್ಯದಲ್ಲಿ ಸೋತಿದ್ದ. ಶೂ ಸರಿ ಇರಲಿಲ್ಲ, ಜಾರುತ್ತಿತ್ತು, ಇಲ್ಲದಿದ್ದರೆ ಎರಡು ಗೋಲು ಗ್ಯಾರಂಟಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಇಷ್ಟು ಸಾಕಾಯಿತು. ಇದು ನಮ್ಮ ಕುಟುಂಬದಲ್ಲಿ ರಕ್ತದಲ್ಲೇ ಬಂದದ್ದು ಮಗಾ, ನಿನ್ನ ಬಾಪನ ಬೂಟಿನ ಕಥೆ ಕೇಳು ಎಂದು ಶುರು ಮಾಡಿದೆ. ಹುಡುಗ ನಕ್ಕ. ಮಾಮ ನಗಲಿಲ್ಲ. ಒಳಗೆ ಹೋಗಿ ಲಬನ್ ಮಜ್ಜಿಗೆ ತರಲು ಮಗನಿಗೆ ಹೇಳಿದ. ಲಬನ್ ನಮ್ಮೆದುರೇ ಇತ್ತು. ಹುಡುಗ ಅದನ್ನು ನೋಡಿ, ತಂದೆಯ ಮುಖ ನೋಡಿ, ಎದ್ದು ಹೋದ.

"ಆ ದಿನ ಅರ್ಧ ಆಟಕ್ಕೆ ನಮ್ಮ ಗೋಲಿ ಇನ್ನೊಂದು ಜೊತೆ ಬೂಟು ತಂದು ಕೊಟ್ಟಿದ್ದ, ಅಶ್ರು," ಎಂದ. "ಮೊದಲು ಮುದೀರ್ ನನಗೆ ಕೊಡಿಸಿದ್ದೇ. ಹೊಸತು. ನನ್ನದೇ ಸೈಜ್. ಹಾಕಿಯೂ ನೋಡಿದ್ದೆ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಮತ್ತೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

"ಓಟ ಇರಲಿಲ್ಲ ಮಾರಾಯ. ಐಸಿನಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಕಾಲು ಹೋಗಿತ್ತು, ಒಂದು ವರ್ಷದಿಂದ ನನಗೆ ಗೊತ್ತುಂಟು. ಒಳ್ಳೆ ಬೂಟು ಹಾಕಿ ಸೋತ್ರೆ ಸೋತದ್ದು ಹಮೀದ್. ಬರಿಗಾಲಲ್ಲಿ ಸೋತ್ರೆ ಜನ ಸೀಟಿ ಹೊಡೀತಾರೆ. ಆ ಬೂಟನ್ನು ಬೆಂಚಿನ ಅಡಿಗೆ ತಳ್ಳಿ ಹೋದೆ. ಮನೆಗೆ ಬಂದು ನೋಡಿದ್ರೆ ನೀನು ಅಳ್ತಾ ಎಲ್ಲ ನಿನ್ನ ಮೇಲೆ ಹಾಕ್ಕೊಂಡು ನಿಂತಿದ್ದೆ. ನಾನು ಹಾಗೇ ಬಿಟ್ಟೆ. ಬಂದವರಿಗೆಲ್ಲ ಹೇಳಿದೆ ಕೂಡ."

ಒಳಗೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದಾಯಿತು. ಮಾಮ ಸ್ವಲ್ಪ ನನ್ನ ಕಡೆ ಬಾಗಿದ.

"ಮದುವೆಯಲ್ಲಿ ಬೇಕಾದ್ರೆ ಹೇಳು, ಎಲ್ಲಿ ಬೇಕಾದ್ರೂ ಹೇಳು. ಇವನ ಎದುರು ಮಾತ್ರ ಹೇಳ್ಬೇಡ."